ಡಿಬಿ ಬಾಕ್ಸಿನ ಖಾಲಿ ಖಾನೆಗಳು



ಲೋಣಾವಳಾದಲ್ಲಿ ಮನೆ ಮಾಡಿಕೊಂಡಿರುವ ಕೇಳುಗರಿಂದ ಮಳೆಗಾಲಕ್ಕೆ ಮುಂಚೆ ಬರುವ ಪ್ರಶ್ನೆಗಳಲ್ಲಿ ಇದೂ ಒಂದು: "ನಮ್ಮ ಡಿಬಿ ಬಾಕ್ಸಿನಲ್ಲಿ ಮೂರು ಖಾನೆ ಖಾಲಿ ಇವೆ. ಮೂರನೇ ಬಾತ್‌ರೂಮಿಗೂ ಒಂದು ಗೀಸರ್ ಬೇಕಾಗಿದೆ. ಒಂದು ಎಂಸಿಬಿ ತಂದು ಆ ಖಾಲಿ ಜಾಗದಲ್ಲಿ ಕೂರಿಸಿದರೆ ಆಯಿತಲ್ಲವೇ?" ರೇಡಿಯೋದಲ್ಲಿ ಇಂಥದಕ್ಕೆ ಎರಡು ನಿಮಿಷ ಸಿಕ್ಕರೆ ಹೆಚ್ಚು. "ಆಗುತ್ತದೆ, ಆದರೆ..." ಎನ್ನುವಷ್ಟರಲ್ಲಿ ಹಾಡಿನ ಹೊತ್ತಾಗಿರುತ್ತದೆ. ಆ 'ಆದರೆ'ಯ ಮುಂದಿನ ಮಾತನ್ನು ಈ ಪತ್ರದಲ್ಲಿ ಸಾವಕಾಶವಾಗಿ ಹೇಳೋಣ.

ಮೊದಲು ಪೆಟ್ಟಿಗೆಯ ಪರಿಚಯ. ಮೀಟರಿನಿಂದ ಬಂದ ಎರಡು ದಪ್ಪ ವಯರುಗಳು ಡಿಬಿಯಲ್ಲಿ ಮೊದಲು ಮೇನ್‌ಗೆ ಸೇರುತ್ತವೆ. ಅಲ್ಲಿಂದ, ಇದ್ದರೆ, ಆರ್‌ಸಿಸಿಬಿಗೆ. ಅದರಾಚೆ ಒಂದು ತಾಮ್ರದ ಪಟ್ಟಿ, ಬಸ್‌ಬಾರ್. ಆ ಪಟ್ಟಿಯಿಂದ ಒಂದೊಂದು ಎಂಸಿಬಿಗೂ ಫೇಸ್ ಸಿಗುತ್ತದೆ, ಒಂದೊಂದು ಎಂಸಿಬಿಯಿಂದ ಒಂದೊಂದು ಲೈನ್ ಮನೆಯೊಳಗೆ ಹೋಗುತ್ತದೆ. ಎಂಸಿಬಿಗಳು ಕೂರುವ ಕಬ್ಬಿಣದ ಹಳಿ 35 ಮಿಲಿಮೀಟರ್ ಅಗಲ, ಒಂದು ಎಂಸಿಬಿ ಹೆಚ್ಚುಕಡಿಮೆ 18 ಮಿಲಿಮೀಟರ್. ಅದೇ ಒಂದು ಖಾನೆಯ ಲೆಕ್ಕ. ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಮೇನ್ ಎರಡು ಖಾನೆ ಹಿಡಿಯುತ್ತದೆ, ಆರ್‌ಸಿಸಿಬಿ ಇನ್ನೆರಡು. ಹಾಗಾಗಿ ಹೊರಗಿನಿಂದ ಮೂರು ಖಾಲಿ ಕಂಡರೂ ನೀವು ತರಬೇಕೆಂದಿರುವ ಸಾಮಾನಿಗೆ ಎಷ್ಟು ಖಾನೆ ಬೇಕು ಎಂದು ಅಂಗಡಿಗೆ ಹೋಗುವ ಮೊದಲೇ ಎಣಿಸಿಕೊಳ್ಳಿ.

ಇಷ್ಟು ಖಾನೆ ಖಾಲಿ ಯಾಕೆ ಬಿಟ್ಟರು? ಬಹಳ ಸಲ ಅದಕ್ಕೆ ದೊಡ್ಡ ಕಾರಣವೇನೂ ಇರುವುದಿಲ್ಲ. ಪೆಟ್ಟಿಗೆಗಳು ಗೊತ್ತಾದ ಅಳತೆಗಳಲ್ಲಿ ಬರುತ್ತವೆ. ಏಳು ಲೈನ್ ಇರುವ ಮನೆಗೆ ಬಿಲ್ಡರ್ ಹನ್ನೆರಡರ ಪೆಟ್ಟಿಗೆ ತಂದಿರುತ್ತಾನೆ. ಒಂದಿಷ್ಟು ಜಾಗ ಮುಂದಕ್ಕಿರಲಿ ಎಂದು ಬಿಡುವುದು ಒಳ್ಳೆಯ ಪದ್ಧತಿಯೂ ಹೌದು. ಆದರೆ ಆ ಜಾಗದ ಹಿಂದೆ ಕರೆಂಟನ್ನು ಯಾರೂ ಕೂಡಿಟ್ಟಿರುವುದಿಲ್ಲ! ಮಾಳಿಗೆಯ ನೀರಿನ ಟ್ಯಾಂಕಿನಿಂದ ಒಂದೇ ಪೈಪು ಇಳಿದಿದೆ ಎಂದುಕೊಳ್ಳಿ. ಅದಕ್ಕೆ ಇನ್ನೊಂದು ನಲ್ಲಿ ಕೂರಿಸಿದರೆ ನೀರು ಹಿಡಿಯಲು ಇನ್ನೊಂದು ಜಾಗವಾಯಿತು, ಅಷ್ಟೆ. ಪೈಪು ದಪ್ಪವಾಗಲಿಲ್ಲ. ಖಾಲಿ ಖಾನೆಯೂ ಹಾಗೆಯೇ. ಇರುವ ಕರೆಂಟನ್ನು ಚೆನ್ನಾಗಿ ಪಾಲು ಮಾಡಿಕೊಳ್ಳಲು ಅದು ಅನುಕೂಲ, ಹೆಚ್ಚು ಕರೆಂಟ್ ಕೊಡುವುದು ಅದರಿಂದ ಆಗದ ಮಾತು.

ಹೆಚ್ಚು ಸಿಗುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಮೀಟರಿನ ಹತ್ತಿರ. 2005ರಲ್ಲಿ ಎಂಎಸ್‌ಇಬಿ ಒಡೆದ ಮೇಲೆ ಬಿಲ್ಲು ಕಳಿಸುತ್ತಿರುವುದು ಮಹಾವಿತರಣ. (ಜನ ಇಂದಿಗೂ ಎಂಎಸ್‌ಇಬಿ ಎಂದೇ ಅನ್ನುತ್ತಾರೆ, ಊರಲ್ಲಿ ನಾವು ಕೆಇಬಿ ಅನ್ನುವ ಹಾಗೆ.) ಆ ಬಿಲ್ಲಿನಲ್ಲಿ 'ಮಂಜೂರ್ ಭಾರ್' ಎಂದು ಮರಾಠಿಯಲ್ಲಿ ಅಚ್ಚಾಗಿರುತ್ತದೆ. ನಿಮ್ಮ ಮನೆಗೆ ಎಷ್ಟು ಕಿಲೋವ್ಯಾಟ್ ಎಂದು ಬರೆಸಿಕೊಂಡಿದ್ದೀರೋ ಅದೇ ಅದು. ಅದರ ಜೊತೆ ಡಿಬಿಯ ಮೇನ್ ಎಷ್ಟು ಆಂಪಿಯರಿನದು, ಮೀಟರಿನಿಂದ ಡಿಬಿಗೆ ಬಂದ ವಯರು ಎಷ್ಟು ದಪ್ಪದ್ದು ಎಂದೂ ತಿಳಿದುಕೊಳ್ಳಿ. ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮನೆಯ ತಾಕತ್ತು.

ಇನ್ನು ಲೆಕ್ಕ. ನಮ್ಮಲ್ಲಿ ಬಹಳ ಜನ ಎಂಸಿಬಿಗಳ ಮೇಲಿನ ಅಂಕಿಗಳನ್ನು ಕೂಡಿ ಗಾಬರಿಯಾಗುತ್ತಾರೆ: 6, 6, 10, 16, 16, 20 ಕೂಡಿದರೆ 74, ಮೇನ್ ನೋಡಿದರೆ ಬರೀ 32! ಇದರಲ್ಲಿ ತಪ್ಪೇನಿಲ್ಲ. ಎಲ್ಲಾ ಲೈನುಗಳೂ ಒಂದೇ ಗಳಿಗೆಯಲ್ಲಿ ತುಂಬಾ ಓಡುವುದಿಲ್ಲ. ಕೂಡಬೇಕಾದದ್ದು ಆ ಅಂಕಿಗಳನ್ನಲ್ಲ, ಒಟ್ಟಿಗೆ ಓಡುವ ಉಪಕರಣಗಳನ್ನು. ಅದೂ ವರ್ಷದ ಅತಿ ಕಷ್ಟದ ಗಂಟೆಯಲ್ಲಿ.

ಲೋಣಾವಳಾದ ಮನೆಗೆ ಆ ಗಂಟೆ ಯಾವುದೆಂದು ಬೇರೆ ಹೇಳಬೇಕಿಲ್ಲ. ಜುಲೈ ತಿಂಗಳ ಭಾನುವಾರ ಬೆಳಿಗ್ಗೆ. ಮುಂಬಯಿಯಿಂದಲೂ ಪುಣೆಯಿಂದಲೂ ನೆಂಟರು ಬಂದಿದ್ದಾರೆ, ಹಿಂದಿನ ದಿನ ಭುಶಿ ಡ್ಯಾಮಿನಲ್ಲಿ ನೆನೆದ ಬಟ್ಟೆ ಒಣಗಿಲ್ಲ, ಎಲ್ಲರಿಗೂ ಬಿಸಿನೀರು ಬೇಕು. ಎರಡು ಗೀಸರ್, ತಲಾ 2000 ವ್ಯಾಟ್. ಇಂಡಕ್ಷನ್ ಒಲೆ 1800. ಇಸ್ತ್ರಿ ಪೆಟ್ಟಿಗೆ 1000. ಒಂದು ಎಚ್‌ಪಿ ಪಂಪು ಓಡುವಾಗ ಎಳೆಯುವುದು ಸುಮಾರು 1100. ಫ್ರಿಜ್, ಟಿವಿ, ದೀಪ, ಫ್ಯಾನ್ ಎಲ್ಲಾ ಸೇರಿ 700. ಒಟ್ಟು 8600 ವ್ಯಾಟ್. 230 ವೋಲ್ಟಿನಿಂದ ಭಾಗಿಸಿದರೆ 37 ಆಂಪಿಯರ್ ದಾಟಿತು. ಮೇನ್ ಇರುವುದು 32ರದ್ದು. ಅಂದರೆ ಮೂರನೇ ಗೀಸರ್ ಇನ್ನೂ ಅಂಗಡಿಯಲ್ಲಿರುವಾಗಲೇ ಮನೆ ತನ್ನ ಮಿತಿ ಮೀರಿದೆ! ಅದೂ ಸೇರಿದರೆ 46 ಆಂಪಿಯರ್.

ಹಾಗಿದ್ದರೂ ಇಷ್ಟು ದಿನ ಮೇನ್ ಯಾಕೆ ಬೀಳಲಿಲ್ಲ? ಎಂಸಿಬಿ ತನ್ನ ಅಂಕಿ ಮುಟ್ಟಿದ ಕೂಡಲೇ ಬೀಳುವುದಿಲ್ಲ. ಮನೆಬಳಕೆಯ ಎಂಸಿಬಿಗೆ ಇರುವ ನಿಯಮದ ಪ್ರಕಾರ ಅಂಕಿಯ 1.13 ಪಟ್ಟು ಕರೆಂಟಿಗೆ ಅದು ಒಂದು ಗಂಟೆಯ ತನಕ ಬೀಳಬಾರದು, 1.45 ಪಟ್ಟಿಗೆ ಒಂದು ಗಂಟೆಯೊಳಗೆ ಬೀಳಲೇಬೇಕು. 32ರ ಎಂಸಿಬಿ 36 ಆಂಪಿಯರನ್ನು ಸುಮ್ಮನೆ ಹೊರುತ್ತದೆ. 37ಕ್ಕೆ ಬಿದ್ದರೂ ಬೀಳಬಹುದು, ಬೀಳದೆಯೂ ಇರಬಹುದು. ಅಷ್ಟರಲ್ಲಿ ಒಂದು ಗೀಸರಿನ ನೀರು ಕಾದು ತಾನೇ ಆಫ್ ಆಗಿರುತ್ತದೆ. ಹೀಗೆ ದಿನ ಕಳೆದಿದೆ. ಇನ್ನೊಂದು ವಿಷಯವಿದೆ. ಎಷ್ಟೋ ಡಿಬಿಗಳಲ್ಲಿ ಮೇನ್ ಎಂದು ಕೂರಿಸಿರುವುದು ಎಂಸಿಬಿಯೇ ಅಲ್ಲ, ಐಸೊಲೇಟರ್. ನೋಡಲು ಅವಳಿ ಮಕ್ಕಳ ಹಾಗೆ. ಆದರೆ ಐಸೊಲೇಟರ್ ಬರೀ ಸ್ವಿಚ್ಚು, ಎಷ್ಟು ಕರೆಂಟ್ ಹರಿದರೂ ಅದು ತಾನಾಗಿ ಬೀಳುವುದಿಲ್ಲ. ಎಂಸಿಬಿಯ ಮೈಮೇಲೆ 'ಸಿ 32', 'ಬಿ 16' ಎಂಬಂತೆ ಅಕ್ಷರ ಅಂಕಿ ಎರಡೂ ಇರುತ್ತವೆ. ಐಸೊಲೇಟರಿನ ಮೇಲೆ ಆ ಅಕ್ಷರ ಇರುವುದಿಲ್ಲ.

ಹಾಗಾದರೆ ಮೂರನೇ ಗೀಸರ್ ಬೇಡವೇ? ಹಾಗೇನಿಲ್ಲ. ಮೂರೂ ಒಟ್ಟಿಗೆ ಹಾಕುವುದಿಲ್ಲ ಎಂಬ ಶಿಸ್ತು ಮನೆಯಲ್ಲಿದ್ದರೆ, ಖಾಲಿ ಖಾನೆಯಲ್ಲಿ 16 ಆಂಪಿಯರಿನ ಎಂಸಿಬಿ, ಅದರಿಂದ ಗೀಸರಿನ ತನಕ 2.5 ಚದರ ಮಿಲಿಮೀಟರಿನ ತಾಮ್ರದ ವಯರು, ಕೆಲಸ ಮುಗಿಯಿತು. ಆದರೆ ವಾರಾಂತ್ಯಕ್ಕೆ ಮನೆ ಬಾಡಿಗೆಗೆ ಕೊಡುವವರು ಆ ಶಿಸ್ತನ್ನು ನಂಬಬಾರದು. ಬಂದವರಿಗೆ ನಿಮ್ಮ ಲೆಕ್ಕ ಗೊತ್ತಿರುವುದಿಲ್ಲ. ಅಂಥವರು ಮೊದಲು ಮಹಾವಿತರಣದ ಕಚೇರಿಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಬೇಕು, ಬೇಕಾದರೆ ಮೂರು ಫೇಸ್ ತೆಗೆದುಕೊಳ್ಳಬೇಕು. ಖಾನೆಯ ಮಾತು ಆಮೇಲೆ.

ಖಾಲಿ ಖಾನೆಯ ನಿಜವಾದ ಉಪಯೋಗ

ನನ್ನನ್ನು ಕೇಳಿದರೆ ಲೋಣಾವಳಾದಲ್ಲಿ ಮೊದಲ ಖಾಲಿ ಖಾನೆ ಗೀಸರಿಗಲ್ಲ, ಅಂಗಳದ ದೀಪಕ್ಕೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರು ಅದು. ಆಗುಂಬೆಯಷ್ಟಲ್ಲದಿದ್ದರೂ ನಮ್ಮ ಮಲೆನಾಡಿನವರಿಗೆ ಅಪರಿಚಿತ ಅನ್ನಿಸುವುದಿಲ್ಲ. ಗೇಟಿನ ದೀಪ, ತೋಟದ ದೀಪ, ಹಿತ್ತಿಲಿನ ಪ್ಲಗ್ ಪಾಯಿಂಟ್ ಇವುಗಳಲ್ಲಿ ಎಲ್ಲಾದರೂ ಒಂದು ಕಡೆ ನೀರು ಇಳಿದೇ ಇಳಿಯುತ್ತದೆ. ನೀರು ಇಳಿದರೆ ಕರೆಂಟ್ ನೆಲಕ್ಕೆ ಸೋರುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ಅದು ಬೀಳಲೇಬೇಕು, 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವುದೇ ಅದರ ಕೆಲಸ, ಜೀವ ಉಳಿಸುವುದೂ ಅದೇ. ತೊಂದರೆ ಏನೆಂದರೆ ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದಾಗ ತೋಟದ ದೀಪದ ಪಾಪಕ್ಕೆ ಅಡುಗೆ ಮನೆಯ ಫ್ರಿಜ್ಜೂ ನಿಲ್ಲುತ್ತದೆ. ಮನೆಯವರು ಮುಂಬಯಿಯಲ್ಲಿ. ಎಂಟು ದಿನ ಬಿಟ್ಟು ಬಂದು ಬಾಗಿಲು ತೆರೆದರೆ ಹೊಸ್ತಿಲಲ್ಲೇ ಮೂಗು ಮುಚ್ಚಿಕೊಳ್ಳಬೇಕು.

ಇದಕ್ಕಿಂತ ಕೆಟ್ಟದ್ದು ಆಮೇಲೆ ಆಗುವುದು. "ಮಳೆ ಬಂದರೆ ಸುಮ್ಮಸುಮ್ಮನೆ ಬೀಳುತ್ತದೆ" ಎಂದು ಯಾರೋ ಆರ್‌ಸಿಸಿಬಿಯನ್ನೇ ಬಿಟ್ಟು ನೇರ ಲೈನ್ ಕೊಡುತ್ತಾರೆ. ಫ್ರಿಜ್ ಉಳಿಯಿತು, ಒದ್ದೆ ಕಾಲಿನಲ್ಲಿ ಗೇಟಿನ ದೀಪದ ಕಂಬ ಮುಟ್ಟುವ ಮಗುವಿಗೆ ಇದ್ದ ಕಾವಲು ಹೋಯಿತು.

ಇಲ್ಲಿ ಖಾಲಿ ಖಾನೆ ಕೆಲಸಕ್ಕೆ ಬರುತ್ತದೆ. ಆರ್‌ಸಿಬಿಒ ಎಂಬ ಸಾಧನ ಸಿಗುತ್ತದೆ. ಎಂಸಿಬಿ ಮತ್ತು ಆರ್‌ಸಿಸಿಬಿ ಎರಡರ ಕೆಲಸವನ್ನೂ ಒಂದೇ ಮಾಡುತ್ತದೆ, ಸಾಮಾನ್ಯವಾಗಿ ಎರಡು ಖಾನೆ ಹಿಡಿಯುತ್ತದೆ. ಮನೆಯ ಹೊರಗಿನ ಲೈನುಗಳನ್ನೆಲ್ಲ ಅದಕ್ಕೆ ಕೊಟ್ಟು, ಇಡೀ ಮನೆಯ ಆರ್‌ಸಿಸಿಬಿಗೆ ಸೇರಿಸದೆ ಮೇನ್‌ನಿಂದಲೇ ನೇರ ಫೇಸ್ ನ್ಯೂಟ್ರಲ್ ತೆಗೆದುಕೊಂಡರೆ, ತೋಟದಲ್ಲಿ ನೀರು ಹೊಕ್ಕಾಗ ಅದೊಂದೇ ಬೀಳುತ್ತದೆ. ಮೂರನೇ ಖಾನೆ ಉಳಿದಿದ್ದರೆ ಫ್ರಿಜ್ಜಿಗೆ ಒಂದು ಪ್ರತ್ಯೇಕ ಎಂಸಿಬಿ ಕೊಡಿ. ಯಾರೋ ಅದೇ ಲೈನಿನಲ್ಲಿ ಇಸ್ತ್ರಿ, ಮೈಕ್ರೋವೇವ್ ಎರಡೂ ಹಚ್ಚಿ ಎಂಸಿಬಿ ಬೀಳಿಸಿದರೂ ಫ್ರಿಜ್ ಓಡುತ್ತಿರುತ್ತದೆ. ಮೇ ತಿಂಗಳ ಗುಡುಗಿನ ಮಳೆಗೂ ಅಕ್ಟೋಬರಿನ ಮಿಂಚಿಗೂ ಹೆದರುವವರು ಒಂದೆರಡು ಖಾನೆಯನ್ನು ಸರ್ಜ್ ಪ್ರೊಟೆಕ್ಟರಿಗೆ ಕೊಡುವುದುಂಟು. ಒಳ್ಳೆಯದೇ, ಆದರೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಗೋಡೆಗೆ ತಗುಲಿಸಿದ ಅಲಂಕಾರ.

ಇಷ್ಟೆಲ್ಲ ಮಳೆಯನ್ನು ಶಪಿಸುತ್ತಾ ಬರೆಯುವಾಗ ಒಂದು ಮಾತು ನೆನಪಾಗುತ್ತದೆ. ಮುಂಬಯಿಯ ಗಿರಣಿಗಳಿಗೆ ವಿದ್ಯುತ್ ಕೊಟ್ಟದ್ದು ಇದೇ ಮಳೆ. ಲೋಣಾವಳಾ, ವಳವಣ, ಶಿರವತಾ ಕೆರೆಗಳಲ್ಲಿ ನಿಂತ ನೀರನ್ನು ಟಾಟಾ ಕಂಪನಿ ಘಟ್ಟದ ಕೆಳಗಿನ ಖೋಪೋಲಿಗೆ ಪೈಪಿನಲ್ಲಿ ಇಳಿಸಿ 1915ರಲ್ಲಿ ವಿದ್ಯುತ್ ತೆಗೆಯಿತು. ನಮ್ಮ ಶಿವನಸಮುದ್ರ ಅದಕ್ಕೂ ಹಿರಿಯದು, 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿತ್ತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಇರಲಿ, ಡಿಬಿಗೆ ವಾಪಸಾಗೋಣ.

ಎಂಸಿಬಿ ಕೂರಿಸುವುದು ಐದು ನಿಮಿಷದ ಕೆಲಸ. ಆದರೆ ಅದರ ಹಿಂದಿನ ವಯರು ಸರಿ ಹೋಗದಿದ್ದರೆ ಆ ಐದು ನಿಮಿಷಕ್ಕೆ ಬೆಲೆಯಿಲ್ಲ. ಹೊಸ ಲೈನಿಗೆ ಮೂರು ವಯರು ಬೇಕು: ತನ್ನದೇ ಫೇಸ್, ತನ್ನದೇ ನ್ಯೂಟ್ರಲ್, ಅರ್ಥಿಂಗ್. ಫೇಸನ್ನು ಯಾರೂ ಮರೆಯುವುದಿಲ್ಲ, ಅದಿಲ್ಲದೆ ಗೀಸರ್ ಕಾಯುವುದೇ ಇಲ್ಲ. ಕಳ್ಳಾಟ ನಡೆಯುವುದು ನ್ಯೂಟ್ರಲಿನಲ್ಲಿ. ಡಿಬಿ ತನಕ ಎರಡು ವಯರು ಎಳೆಯುವ ಬದಲು ಒಂದು ಮಾತ್ರ ಎಳೆದು, ನ್ಯೂಟ್ರಲನ್ನು ಪಕ್ಕದ ಸ್ವಿಚ್ ಬೋರ್ಡಿನಿಂದ ಸಾಲ ತೆಗೆದುಕೊಳ್ಳುತ್ತಾರೆ. ಗೀಸರ್ ಕಾಯುತ್ತದೆ, ಎಲ್ಲರೂ ಖುಷಿ. ಆದರೆ ಪಕ್ಕದ ಲೈನಿನ ಸಣ್ಣ ನ್ಯೂಟ್ರಲ್ ವಯರು ಈಗ ಎರಡು ಲೈನಿನ ಭಾರ ಹೊರುತ್ತಿದೆ, ಅದನ್ನು ಕಾಯುವ ಎಂಸಿಬಿ ಎಲ್ಲೂ ಇಲ್ಲ. ಮುಂದೊಂದು ದಿನ ಪಕ್ಕದ ಲೈನಿನ ಎಂಸಿಬಿ ಆಫ್ ಮಾಡಿ ಯಾರೋ ಸ್ವಿಚ್ ರಿಪೇರಿಗೆ ಕೂತು ಆ ನ್ಯೂಟ್ರಲ್ ಬಿಚ್ಚಿದರೆ, ಗೀಸರಿನ ಮೂಲಕ ಬಂದ ಕರೆಂಟ್ ಅವರ ಕೈಯಲ್ಲಿರುತ್ತದೆ.

ಫೇಸ್ ಆರ್‌ಸಿಸಿಬಿ ದಾಟಿ ಬಂದು, ನ್ಯೂಟ್ರಲ್ ಅದಕ್ಕೆ ಮುಂಚಿನ ಜಾಗಕ್ಕೆ ಸೇರಿದರೂ ಎಡವಟ್ಟು. ಹೋದ ಕರೆಂಟ್ ಮರಳಿ ಬಂತೋ ಇಲ್ಲವೋ ಎಂದು ಎಣಿಸುವುದೇ ಆರ್‌ಸಿಸಿಬಿಯ ಕೆಲಸ. ವಾಪಸು ಬೇರೆ ದಾರಿಯಲ್ಲಿ ಹೋದರೆ ಅದು ಸೋರಿಕೆ ಎಂದೇ ತಿಳಿದು ಗೀಸರ್ ಹಾಕಿದ ತಕ್ಷಣ ಬೀಳುತ್ತದೆ. ಆಗ "ಮಾಲು ಸರಿಯಿಲ್ಲ" ಎಂದು ಹೊಸ ಆರ್‌ಸಿಸಿಬಿ ತರಿಸುವವರಿದ್ದಾರೆ. ಅದೂ ಬೀಳುತ್ತದೆ, ಪಾಪ. ಆದ್ದರಿಂದ ಕೆಲಸ ಮುಗಿಸಿ ದುಡ್ಡು ಕೇಳುವಾಗ ಇಲೆಕ್ಟ್ರಿಷಿಯನ್ ಅಣ್ಣನಿಗೆ ನಗುತ್ತಲೇ ಒಂದು ಪ್ರಶ್ನೆ ಹಾಕಿ: "ದಾದಾ, ಹ್ಯಾಚಾ ನ್ಯೂಟ್ರಲ್ ಕುಠೂನ್ ಘೇತಲಾ?" ಇದರ ನ್ಯೂಟ್ರಲ್ ಎಲ್ಲಿಂದ ತೆಗೆದಿರಿ ಎಂದು. ಡಿಬಿ ತೆರೆದು ಬೆರಳಿಟ್ಟು ತೋರಿಸಿದರೆ ನೆಮ್ಮದಿ. ತಲೆ ಕೆರೆದುಕೊಂಡರೆ ದುಡ್ಡು ಸ್ವಲ್ಪ ತಡೆಹಿಡಿಯಿರಿ.

ಖಾಲಿ ಖಾನೆ ಕಣ್ಣೆದುರೇ ಇದ್ದರೂ ಅದನ್ನು ಬಿಟ್ಟು ಜನ ಹಿಡಿಯುವ ಎರಡು ಅಡ್ಡದಾರಿಗಳಿವೆ. ಒಂದು, ಒಂದೇ ಎಂಸಿಬಿಯ ಸ್ಕ್ರೂ ಕೆಳಗೆ ಎರಡು ಲೈನಿನ ವಯರುಗಳನ್ನು ತುರುಕುವುದು. ದಪ್ಪ ವಯರು ಬಿಗಿಯಾಗುತ್ತದೆ, ಸಣ್ಣದು ಸಡಿಲ ಉಳಿಯುತ್ತದೆ, ಸಡಿಲವಾದಲ್ಲಿ ಬಿಸಿಯಾಗುತ್ತದೆ. ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುವುದು, ಸುಟ್ಟ ಮೀನಿನಂಥ ವಾಸನೆ, ಇವೆಲ್ಲ ಅಲ್ಲಿಂದಲೇ. ಆ ಎರಡನ್ನೂ ಬಿಡಿಸಿ ಒಂದನ್ನು ಖಾಲಿ ಖಾನೆಗೆ ಹಾಕಿದರೆ ಅದಕ್ಕಿಂತ ಒಳ್ಳೆಯ ಉಪಯೋಗ ಬೇರೆ ಇಲ್ಲ.

ಇನ್ನೊಂದು ಇದಕ್ಕಿಂತ ಅಪಾಯ. 16ರ ಎಂಸಿಬಿ ಮತ್ತೆಮತ್ತೆ ಬೀಳುತ್ತದೆ ಎಂದು ಅದೇ ಜಾಗಕ್ಕೆ 32ರದ್ದು ಹಾಕುವುದು. ಎಂಸಿಬಿ ಇರುವುದು ಗೀಸರನ್ನು ಕಾಯಲಿಕ್ಕಲ್ಲ, ಗೋಡೆಯೊಳಗಿನ ವಯರನ್ನು ಕಾಯಲಿಕ್ಕೆ. ಪೈಪಿನೊಳಗಿನ 2.5ರ ವಯರು ಹೊರುವುದು 20 ಆಂಪಿಯರಿನ ಆಸುಪಾಸು. 32ರ ಎಂಸಿಬಿ 36ರ ತನಕ ಸುಮ್ಮನಿರುತ್ತದೆ ಎಂದು ಮೇಲೆ ನೋಡಿದೆವು. ಕರೆಂಟ್ ಎರಡು ಪಟ್ಟಾದರೆ ವಯರಿನ ಬಿಸಿ ನಾಲ್ಕು ಪಟ್ಟು. ಸಾಮಾನ್ಯ ಪಿವಿಸಿ ವಯರಿನ ಹೊದಿಕೆ ತಾಳುವುದು 70 ಡಿಗ್ರಿ. ಮುಂದಿನದನ್ನು ನೀವೇ ಊಹಿಸಿ. ಎಂಸಿಬಿ ಬೀಳುತ್ತಿದೆ ಎಂದರೆ ಆ ಲೈನನ್ನು ಎರಡಾಗಿ ಒಡೆಯಬೇಕು ಎಂದರ್ಥ. ದೀಪ ಫ್ಯಾನಿನ ಒಂದು ಲೈನಿಗೆ ಹತ್ತು ಪಾಯಿಂಟ್, 800 ವ್ಯಾಟ್ ಮೀರಬಾರದು ಎಂಬ ಹಳೆಯ ಪಾಠವೂ ಇದೇ ಉದ್ದೇಶದ್ದು.

ಮೂರು ಫೇಸಿನ ಡಿಬಿ ಇರುವ ದೊಡ್ಡ ಬಂಗಲೆಗಳಲ್ಲಿ ಇನ್ನೊಂದು ಎಚ್ಚರ. ಖಾಲಿ ಖಾನೆ ಯಾವ ಫೇಸಿನದು ಎಂದು ನೋಡಿ. ಕೆಂಪು ಫೇಸಿನಲ್ಲೇ ಎರಡು ಗೀಸರ್, ಪಂಪು ಎಲ್ಲಾ ಇದ್ದು ಮೂರನೆಯದನ್ನೂ ಅಲ್ಲಿಗೇ ಹಾಕಿದರೆ ನೀಲಿ ಫೇಸ್ ನಿದ್ದೆ ಹೊಡೆಯುತ್ತಿರುತ್ತದೆ, ಕೆಂಪು ಬೀಳುತ್ತಿರುತ್ತದೆ. ಎಲೆಕ್ಟ್ರಿಕ್ ಕಾರು ತಂದವರು ಮನೆಯ ಚಾರ್ಜರಿಗೆ ಖಾಲಿ ಖಾನೆ ಹುಡುಕುವುದು ಈಗೀಗ ಹೆಚ್ಚು. 7.4 ಕಿಲೋವ್ಯಾಟಿನ ಚಾರ್ಜರ್ ಒಂದೇ 32 ಆಂಪಿಯರ್ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಅದು ಖಾನೆಯ ಪ್ರಶ್ನೆಯಲ್ಲವೇ ಅಲ್ಲ, ಲೋಡ್ ಮಂಜೂರಾತಿಯ ಪ್ರಶ್ನೆ.

ಮುಚ್ಚಳ ತೆಗೆಯುವ ಮುನ್ನ

ಮೇನ್ ಆಫ್ ಮಾಡಿದರೆ ಎಲ್ಲಾ ಸತ್ತಿದೆ ಎಂದುಕೊಳ್ಳುವವರು ಬಹಳ. ಮೀಟರಿನಿಂದ ಮೇನ್ ತನಕ ಬಂದ ಎರಡು ವಯರು, ಅವು ಕೂತಿರುವ ಸ್ಕ್ರೂಗಳು ಆಗಲೂ ಜೀವಂತ. ಇನ್ವರ್ಟರ್ ಇದ್ದರೆ ಇನ್ನೂ ಎಚ್ಚರ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ ಎಂದು ಲೋಣಾವಳಾದ ಮನೆಮನೆಯಲ್ಲೂ ಇನ್ವರ್ಟರ್ ಇದೆ. ಮೇನ್ ಆಫ್ ಮಾಡಿದ ಮರುಗಳಿಗೆ ಅದು "ಓಹೋ, ಕರೆಂಟ್ ಹೋಯಿತು" ಎಂದು ಎದ್ದು ತನ್ನ ಲೈನುಗಳಿಗೆ 230 ವೋಲ್ಟ್ ಕೊಡಲು ಶುರು ಮಾಡುತ್ತದೆ, ಅದೇ ಪೆಟ್ಟಿಗೆಯೊಳಗೆ! ಮೊದಲು ಅದನ್ನು ಆಫ್ ಮಾಡಬೇಕು, ಆಮೇಲೆ ಮೇನ್, ಆಮೇಲೆ ಟೆಸ್ಟರಿನಿಂದ ನೋಡಬೇಕು.

ಹಾಗೆಂದು ಇದನ್ನು ಓದಿ ನೀವೇ ಸ್ಕ್ರೂ ಡ್ರೈವರ್ ಹಿಡಿಯಿರಿ ಎಂದು ಹೇಳುತ್ತಿಲ್ಲ. ಬಲ್ಬು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಚಿಲ್ಲರೆ ಕೆಲಸ ಬಿಟ್ಟು ಹೊಸ ಲೈನ್ ಸೇರಿಸುವುದನ್ನು ಸರಕಾರದ ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಬೇಕು ಎಂಬುದು 1956ರ ವಿದ್ಯುತ್ ನಿಯಮಗಳ ಕಾಲದಿಂದಲೂ ಇರುವ ಕಾನೂನು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮಗಳಲ್ಲೂ ಅದು ಹಾಗೇ ಉಳಿದಿದೆ. ಹಳೆಯ ಬಂಗಲೆಗಳಲ್ಲಿ ಪಿಂಗಾಣಿ ಕಟೌಟು, ಮರದ ಬೋರ್ಡು, ಅಲ್ಯೂಮಿನಿಯಂ ವಯರು ಇನ್ನೂ ಇದ್ದರೆ ಹೊಸ ತಾಮ್ರದ ವಯರನ್ನು ಅದಕ್ಕೆ ತಿರುಚಿ ಸೇರಿಸಲು ಯಾರಿಗೂ ಬಿಡಬೇಡಿ. ಆ ಎರಡು ಲೋಹಗಳಿಗೆ ತೇವದಲ್ಲಿ ಆಗಿಬರುವುದಿಲ್ಲ. ಅಲ್ಲಿ ಖಾನೆಯ ಮಾತು ಬಿಟ್ಟು ವಯರಿಂಗನ್ನೇ ಹೊಸದಾಗಿ ಮಾಡಿಸಬೇಕು.

ಎಂಸಿಬಿ ಕೊಳ್ಳುವಾಗ ಐಎಸ್‌ಐ ಮುದ್ರೆ ನೋಡಿ, ಪೆಟ್ಟಿಗೆಯ ಕಂಪನಿಯದನ್ನೇ ತನ್ನಿ. ಬೇರೆ ಕಂಪನಿಯದು ಹಳಿಯ ಮೇಲೆ ಕೂತರೂ ಬಸ್‌ಬಾರಿನ ಹಲ್ಲಿಗೆ ಸರಿಯಾಗಿ ಕಚ್ಚಿಕೊಳ್ಳದೆ ಹೋಗಬಹುದು.

ಉಪಯೋಗಿಸದೆ ಉಳಿದ ಖಾನೆಗಳನ್ನು ತೆರೆದು ಬಿಡಬೇಡಿ. ಆ ಕಿಂಡಿಯ ಹಿಂದೆಯೇ ಬಸ್‌ಬಾರಿನ ಹಲ್ಲು ಇರುತ್ತದೆ, ಮೇನ್ ಆನ್ ಇರುವ ತನಕ ಅದರಲ್ಲಿ ಕರೆಂಟ್ ಇರುತ್ತದೆ. ಮಗುವಿನ ಬೆರಳು ಹೋಗುವಷ್ಟು ಅಗಲ. ತಿಂಗಳುಗಟ್ಟಲೆ ಬೀಗ ಹಾಕಿದ ಮನೆಯಲ್ಲಿ ಹಲ್ಲಿ, ಜಿರಳೆ, ಇರುವೆಗಳಿಗೆ ಅದು ಬೆಚ್ಚಗಿನ ಛತ್ರ. ಹಲ್ಲಿಯೊಂದು ಎರಡು ಕಡೆ ಮುಟ್ಟಿದರೆ ಅದೂ ಹೋಯಿತು, ಮನೆಯ ಕರೆಂಟೂ ಹೋಯಿತು. ರಟ್ಟು, ಟೇಪು, ಮಡಚಿದ ಮದುವೆ ಕರೆಯೋಲೆ ತುರುಕಿದ್ದನ್ನೆಲ್ಲ ನೋಡಿದ್ದೇವೆ. ಅವೆಲ್ಲ ತೇವ ಹೀರುತ್ತವೆ, ಕಾಗದವಂತೂ ಹೊತ್ತಿಕೊಳ್ಳುತ್ತದೆ. ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಪ್ಲಾಸ್ಟಿಕ್ಕಿನ ಡಮ್ಮಿ ಪಟ್ಟಿ ಸಿಗುತ್ತದೆ, ಅದನ್ನು ಹಾಕಿಸಿ.

ಕೆಲಸ ಮುಗಿದ ಮೇಲೆ ಇಲೆಕ್ಟ್ರಿಷಿಯನ್ ಇರುವಾಗಲೇ ಆರ್‌ಸಿಸಿಬಿಯ ಮೇಲಿನ 'ಟಿ' ಗುಂಡಿ ಒತ್ತಿ. ತಟ್ಟನೆ ಬೀಳಬೇಕು. ಬೀಳದಿದ್ದರೆ ಅವತ್ತೇ ಬದಲಿಸಿ. ಆಮೇಲೂ ಲೋಣಾವಳಾಕ್ಕೆ ಹೋದಾಗಲೆಲ್ಲ ಒಮ್ಮೆ ಒತ್ತಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಕೊನೆಗೆ ಪ್ರತಿ ಎಂಸಿಬಿಯ ಕೆಳಗೆ ಅದು ಯಾವ ಕೋಣೆಯದು, ಯಾವ ಉಪಕರಣದ್ದು ಎಂದು ಚೀಟಿ ಅಂಟಿಸಿ. ಕನ್ನಡದಲ್ಲಿ ಬರೆಯಿರಿ, ಸಂತೋಷ. ಪಕ್ಕದಲ್ಲಿ ಮರಾಠಿಯಲ್ಲೂ ಬರೆಯಿರಿ. ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಮನೆ ನೋಡಿಕೊಳ್ಳುವವರು ಫೋನ್ ಮಾಡಿ "ಯಾವುದನ್ನು ಬಂದ್ ಮಾಡಲಿ?" ಎಂದು ಕೇಳಿದಾಗ ಚೀಟಿ ಓದಬೇಕಾದವರು ಅವರು.